ಪಕ್ಷವಿಲ್ಲದವಳು

"ಒಪ್ಪಬೇಡ" ಎಂದಳು ವೆಲಿಚ್ಕಾ, ಕೋಟು ಬಿಚ್ಚುವ ಮೊದಲೇ. "ಇದು ಬಲೆ ಕಣೇ."

ಡಾಕ್ಟರ್ ದಿಮಾನಾ ಅಡುಗೆಮನೆಯ ಮೇಜಿನ ಮುಂದೆ ಕೂತು ಚೀಸಿನ ಬನಿತ್ಸಾದ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ತಿನ್ನುತ್ತಿರಲಿಲ್ಲ. ಬೆಳಿಗ್ಗೆ ಪಕ್ಷದ ನಾಯಕ ಮಿಂಕೊವ್ ಫೋನ್ ಮಾಡಿದ್ದ. ನವೆಂಬರಿನಲ್ಲಿ ಅವನು ರಾಷ್ಟ್ರಾಧ್ಯಕ್ಷನ ಚುನಾವಣೆಗೆ ನಿಲ್ಲುತ್ತಾನೆ. ಉಪಾಧ್ಯಕ್ಷೆಯಾಗಿ ಅವಳು ಜೊತೆಗೆ ನಿಲ್ಲಬೇಕಂತೆ.

"ಜೂನ್‌ನಲ್ಲಿ ನಿನ್ನನ್ನ ಪಕ್ಷದಿಂದ ಕತ್ತು ಹಿಡಿದು ಆಚೆ ದಬ್ಬಿದೋನು ಅವನೇ ತಾನೇ? ಮೂರು ತಿಂಗಳಿಗೇ ಪ್ರೀತಿ ಉಕ್ಕಿಬಿಡ್ತಾ?"

"ಪ್ರೀತಿ ಅಲ್ವೇ, ಓಟು. ಪಕ್ಷದೋರು ಹೇಗೂ ಅವನಿಗೆ ಹಾಕ್ತಾರೆ. ಅವನ ಮುಖ ಕಂಡ್ರೆ ಆಗದೋರು ನನ್ನ ಮುಖ ನೋಡಿ ಹಾಕ್ತಾರೆ."

"ನಿಂಬೆಹಣ್ಣು ಹಿಂಡ್ಕೊಂಡು ಸಿಪ್ಪೆ ಬಿಸಾಕ್ತಾನೆ, ನೋಡ್ತಿರು."

ದಿಮಾನಾ ನಕ್ಕಳು. ಮುಖ ಎತ್ತಲಿಲ್ಲ.

ವೆಲಿಚ್ಕಾ ಕಿಟಕಿಯ ಬಳಿ ನಿಂತಳು. ಗೇಟಿನ ಪಕ್ಕದ ಪ್ಲಮ್ ಮರದ ಕೊಂಬೆಯಲ್ಲಿ ಮಾರ್ಚಿಯ ದಾರ ಇನ್ನೂ ನೇತಾಡುತ್ತಿತ್ತು. ಪ್ರತಿ ಮಾರ್ಚಿ ಒಂದರಂದು ದಿಮಾನಾಳ ಮಣಿಕಟ್ಟಿಗೆ ಆ ಕೆಂಪು-ಬಿಳಿ ದಾರವನ್ನು ಕಟ್ಟುವವಳು ಅವಳೇ. ಈ ಸಲ ಅದಕ್ಕೊಂದು ನೀಲಿ ಮಣಿ ಪೋಣಿಸಿದ್ದಳು. ತೀರಿಕೊಂಡ ತನ್ನ ಅಮ್ಮನ ಸರದಲ್ಲಿ ಉಳಿದಿದ್ದ ಒಂದೇ ಮಣಿ. ಮರ ಹೂ ಬಿಟ್ಟ ದಿನ, ರೂಢಿಯಂತೆ, ಇಬ್ಬರೂ ಅದರ ಕೆಳಗೆ ನಿಂತು ತಮ್ಮ ತಮ್ಮ ದಾರ ಬಿಚ್ಚಿ ಕೊಂಬೆಗೆ ಕಟ್ಟಿದ್ದರು. ಈಗ ಕೆಂಪೂ ಬಿಳಿಯೂ ಬಿಸಿಲಿಗೆ ಒಂದೇ ಬಣ್ಣವಾಗಿದ್ದವು. ಮಣಿ ಮಾತ್ರ ನೀಲಿಯಾಗಿಯೇ ಇತ್ತು.

ಜೂನ್ ತಿಂಗಳ ಆ ಸಭೆಯನ್ನು ಅವಳು ಎಷ್ಟು ಸಲ ನೆನೆದಿಲ್ಲ. ಲೊವೆಚ್ ಊರಿನ ಪಕ್ಷದ ಕಚೇರಿಗೆ ಟಿ.ವಿ.ಯವರು ಬರುವ ರೂಢಿಯೇ ಇರಲಿಲ್ಲ. ಅಂದು ಮೂರು ಕ್ಯಾಮೆರಾ ಬಂದಿದ್ದವು. ದಿಮಾನಾ ಎದ್ದು ನಿಂತು, ಹಳ್ಳಿ ಆಸ್ಪತ್ರೆಗಳಿಗೆ ಬೀಗ ಹಾಕಿಸಿದವನು ನೀನೇ ಎಂದು ಮಿಂಕೊವ್‌ನ ಮುಖಕ್ಕೇ ಹೇಳಿದಳು. ಅವನು ಎರಡೇ ಮಾತಿನಲ್ಲಿ ಅವಳ ಉಚ್ಚಾಟನೆಯನ್ನು ಮಂಡಿಸಿದ. ಸಭೆಯ ಕೈಗಳೆಲ್ಲ ಮೇಲೆದ್ದವು. ಏಳದೆ ಉಳಿದದ್ದು ವೆಲಿಚ್ಕಾಳ ಕೈ ಒಂದೇ.

ಇಪ್ಪತ್ತನಾಲ್ಕು ವರ್ಷ ಆ ಕಚೇರಿಯ ಕಾರ್ಯದರ್ಶಿಯಾಗಿದ್ದವಳು. ಅವಳ ಅಪ್ಪನ ಶವಪೆಟ್ಟಿಗೆಗೆ ಹೊದಿಸಿದ್ದು ಪಕ್ಷದ ಬಾವುಟ. ಎದ್ದು ಹೋಗಿ ತನ್ನ ಸದಸ್ಯತ್ವದ ಕಾರ್ಡನ್ನು ಮಿಂಕೊವ್‌ನ ಮುಂದಿಟ್ಟಳು. ಆಗ ದಿಮಾನಾ ಅವಳನ್ನೇ ನೋಡುತ್ತ, ಬೇಡ ಬೇಡವೆಂದು ಗದ್ದ ಮೇಲೆತ್ತಿದ್ದಳು. ತಾನೇ ಅವಮಾನದಲ್ಲಿ ಮುಳುಗಿರುವಾಗಲೂ ನನ್ನ ಚಿಂತೆ ಇವಳಿಗೆ, ಎಂದುಕೊಂಡಿದ್ದಳು ವೆಲಿಚ್ಕಾ.

ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾನೆ. ಅವನು ಪಕ್ಷದ ಮೇಯರ್. "ಅಪ್ಪನ ಸಮಾಧಿ ಮೇಲೆ ಉಗಿದುಬಂದೆ" ಎಂದದ್ದೇ ಅವನ ಕೊನೆಯ ಮಾತು. ಹೋಗಲಿ. ತನ್ನ ಹಳೆಯ ಕಾರಿನಲ್ಲಿ ಅವಳು ದಿಮಾನಾಳನ್ನು ಹಳ್ಳಿ ಹಳ್ಳಿ ಸುತ್ತಿಸಿದಳು. ಪಕ್ಷದ ಹೆಸರೆತ್ತಿದರೆ ನಾಯಿ ಛೂ ಬಿಡುತ್ತಿದ್ದ ಮುದುಕಿಯರು ಈಗ ಡಾಕ್ಟರಮ್ಮನ ಕೆನ್ನೆ ಹಿಡಿದು ಮುತ್ತಿಟ್ಟರು. "ಹೊರಗೆ ಹಾಕಿದ್ರಂತಲ್ಲ ಮಗಳೇ. ಹಂಗಾದ್ರೆ ನೀನು ಒಳ್ಳೆಯವಳೇ."

ಮರುದಿನ ದಿಮಾನಾ ಮಿಂಕೊವ್‌ನನ್ನು ಕಾಣಲು ರಾಜಧಾನಿ ಸೋಫಿಯಾಕ್ಕೆ ಹೊರಟಾಗ ವೆಲಿಚ್ಕಾಳೂ ಹೋದಳು. ಹಟ ಹಿಡಿದೇ ಹೋದಳು.

"ಏನಮ್ಮ ವೆಲಿಚ್ಕಾ, ಇನ್ನೂ ಸಿಟ್ಟೇನಾ?" ಎಂದ ಮಿಂಕೊವ್.

"ನನ್ನ ಸಿಟ್ಟು ಹಾಗಿರ್ಲಿ. ಗೆದ್ದ ಮೇಲೆ ಇವಳನ್ನ ಮತ್ತೆ ಹೊರಗೆ ಹಾಕಲ್ಲ ಅಂತ ಬರೆದುಕೊಡಿ."

ಅವನು ಮನಸಾರೆ ನಕ್ಕ. "ಹೊರಗೆ ಹಾಕಿದ್ದೇ ನಾನು ಇವರಿಗೆ ಮಾಡಿದ ದೊಡ್ಡ ಉಪಕಾರ, ಗೊತ್ತಾ?"

ದಿಮಾನಾ ಕೆಮ್ಮಿದಳು. ಅವನು ಬರೆದು ಸಹಿ ಹಾಕಿದ. ಕಾಗದ ಚಾಚುತ್ತ ಕೇಳಿದ: "ನಿಮ್ಮ ಕಾರ್ಡು ಇಲ್ಲೇ ಇದೆ. ವಾಪಸ್ ತಗೊಳ್ತೀರಾ?"

ಅಪ್ಪನ ಬಾವುಟ ವೆಲಿಚ್ಕಾಳ ಕಣ್ಮುಂದೆ ಬಂತು. ಅಣ್ಣನ ಮುಚ್ಚಿದ ಬಾಗಿಲೂ ಬಂತು.

"ಬೇಡ. ಇವಳಿಗೆ ಪಕ್ಷ ಇಲ್ಲ ಅಂದ್ಮೇಲೆ ನನಗ್ಯಾಕೆ?"

"ನಿನಗೆ ಯಾರೂ ಬಿಡು ಅಂದಿರ್ಲಿಲ್ಲ, ವೆಲಿ." ದಿಮಾನಾಳ ದನಿ ಸಣ್ಣದಾಗಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಯಾರಾದ್ರೂ ಹೇಳಿ ಬಿಡೋದಾ ಇಂಥದ್ದನ್ನ?" ಎಂದು ವೆಲಿಚ್ಕಾ ಗೆಳತಿಯ ಭುಜ ಒತ್ತಿದಳು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದ ಒಳಜೇಬಿಗೆ ಸೇರಿಸಿದಳು. ಊರಿಗೆ ಮರಳುವ ದಾರಿಯುದ್ದಕ್ಕೂ ಮಾತೆಲ್ಲ ಅವಳದೇ.

ಮರುದಿನವೇ ಪೋಸ್ಟರ್‌ಗಳು ಬಂದವು. ಅಚ್ಚಿನವರು ಇಷ್ಟು ಚುರುಕಾಗಿದ್ದದ್ದು ಯಾವಾಗ ಎಂದುಕೊಳ್ಳುತ್ತಲೇ ವೆಲಿಚ್ಕಾ ಬಕೆಟ್ಟಿನಲ್ಲಿ ಅಂಟು ಕಲಸಿ, ಮೊದಲ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ, ಮೂಲೆಗಳಿಗೆ ಕಾಫಿ ಕಪ್ಪುಗಳನ್ನಿಟ್ಟಳು.

ಚಿತ್ರ ಚೆನ್ನಾಗಿತ್ತು. ಮಿಂಕೊವ್ ತುಸು ಹಿಂದೆ, ದಿಮಾನಾ ಮುಂದೆ. ಬಿಳಿ ಕೋಟು. ಎದೆಯ ಮೇಲೆ ಪಕ್ಷದ ಬಿಲ್ಲೆ ಇಲ್ಲ. ಎರಡೂ ಕೈಯಲ್ಲಿ ಒಂದು ಫಲಕವನ್ನು ಎತ್ತಿ ಹಿಡಿದಿದ್ದಳು. ಅದರ ಮೇಲೆ ಅವಳದೇ ಬರಹದಲ್ಲಿ ನಾಲ್ಕು ಪದ: 'ನನಗೆ ಯಾವ ಪಕ್ಷವೂ ಇಲ್ಲ.'

ಕೈ ಎತ್ತಿದ್ದರಿಂದ ಕೋಟಿನ ತೋಳು ಜಾರಿ ಮಣಿಕಟ್ಟು ಕಾಣುತ್ತಿತ್ತು. ಮಣಿಕಟ್ಟಿನಲ್ಲಿ ಒಂದು ದಾರ. ಮಾರ್ಚಿ ತಿಂಗಳಲ್ಲಿ ದೇಶಕ್ಕೆ ದೇಶವೇ ಕಟ್ಟಿಕೊಂಡು ತಿರುಗುವ ದಾರ. ಫೋಟೋ ತೆಗೆದವನ ಕಣ್ಣಿಗೂ ಬಿದ್ದಿರಲಾರದು. ಕೆಂಪು ಕೆಂಪಾಗಿಯೇ ಇತ್ತು, ಬಿಳಿ ಬಿಳಿಯಾಗಿಯೇ. ನಡುವೆ ಅಮ್ಮನ ನೀಲಿ ಮಣಿ.

ಪ್ಲಮ್ ಮರ ಹೂ ಬಿಟ್ಟು, ದಿಮಾನಾ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟಿದ್ದು ಮಾರ್ಚಿಯ ಕೊನೆಯ ಭಾನುವಾರ. ಆಗ ಅವಳಿಗೆ ಇನ್ನೂ ಪಕ್ಷವಿತ್ತು.