ಚಪ್ಪಲಿ ಕಾವಲು

"ನೀನು ಒಳಗೆ ಹೋಗ್ಬಾ, ಶೂ ನಾನು ನೋಡ್ಕೋತೀನಿ," ಎಂದರು ವರದರಾಜ. ಸ್ಪಿತಿ ಕಣಿವೆಯ ಆ ಹಳೆಯ ಮಣ್ಣಿನ ಬೌದ್ಧ ಮಠದ ಮುಂದೆ ಶೂ ಕದಿಯುವವರಿರಲಿ, ಒಂದು ನರಪಿಳ್ಳೆಯೂ ಇರಲಿಲ್ಲ. ಮಗಳು ಇಂಚರಾ ವಾದ ಮಾಡದೆ ತನ್ನ ನೇರಳೆ ಬಣ್ಣದ ಶೂ ಬಿಚ್ಚಿಟ್ಟು, ತಲೆ ಬಗ್ಗಿಸಿಕೊಂಡು ಗಿಡ್ಡ ಬಾಗಿಲೊಳಗೆ ಹೋದಳು.

ಹಲಸೂರಿನ ಯಾವ ಗುಡಿಗೆ ಹೋದರೂ ಅವರ ಮನೆಯ ಪದ್ಧತಿ ಅದೇ. ಮೊದಲು ಹೆಂಡತಿ ಅಲಮೇಲು ಒಳಗೆ ಹೋಗುವುದು, ಇವರು ಹೊರಗೆ ಚಪ್ಪಲಿ ಕಾಯುವುದು. ಅವಳು ಕುಂಕುಮ ಹಚ್ಚಿಕೊಂಡು ಬಂದ ಮೇಲೆ ಇವರ ಸರದಿ. ಈ ಸ್ಪಿತಿ ಕಣಿವೆ ನೋಡಲೇಬೇಕೆಂದು ಹಟ ಹಿಡಿದಿದ್ದವಳೂ ಅವಳೇ. ಶಿವಾಜಿನಗರದಲ್ಲಿ ಚೌಕಾಸಿ ಮಾಡಿ ಆ ನೇರಳೆ ಶೂ ಕೊಂಡವಳು, ಒಂದು ಸಲವೂ ಹಾಕಿಕೊಳ್ಳದೆ ತೀರಿಕೊಂಡಳು. ಅವು ಮಗಳ ಕಾಲಿಗೆ ಸರಿಹೋದವು. ವರದರಾಜ ಅತ್ತಿರಲಿಲ್ಲ. ವೈಕುಂಠ ಸಮಾರಾಧನೆಯ ದಿನವೂ ಬಡಿಸಿದ್ದನ್ನೆಲ್ಲ ಸುಮ್ಮನೆ ಉಂಡು, ಎಲೆ ಮಡಚಿ ಎದ್ದಿದ್ದರು.

ಗಾಳಿ ಮುಖಕ್ಕೆ ರಾಚುತ್ತಿತ್ತು. ಅವರಿಗೆ ಚಳಿ ಅಂತಲೂ ಅನ್ನಿಸಲಿಲ್ಲ. ಕರವಸ್ತ್ರದಿಂದ ಶೂಗಳ ಧೂಳು ಒರೆಸಿದರು. ಬಂದವಳು ನೇರವಾಗಿ ಕಾಲು ತೂರಿಸಲೆಂದು ಮೂತಿ ಹೊರಗೆ ಮಾಡಿ ಜೋಡಿಸಿಟ್ಟರು.

ಇಂಚರಾ ಹೊರಗೆ ಬಂದಳು. "ಈಗ ನೀವು ಹೋಗಿ ಅಪ್ಪಾ," ಎನ್ನುತ್ತ ಶೂಗೆ ಕಾಲಿಡಹೋದಳು. ವರದರಾಜ ಬಗ್ಗಿ ಎರಡನ್ನೂ ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡರು.

"ಇದು ನಿಮ್ಮಮ್ಮಂದು ಕಣೇ," ಎಂದರು. "ಅವಳು ಹೊರಗೆ ಬಂದ್ರೆ ಏನ್ ಹಾಕ್ಕೋತಾಳೆ?"