ಗಂಟಲಿಗಿಳಿಯದ ಮಾತ್ರೆ

ಮಾತ್ರೆ ಕ್ರೈನನ ಗಂಟಲಲ್ಲಿ ಅಡ್ಡ ನಿಂತಿತ್ತು. ಕೆಂಪಾಗಿದ್ದ ಅವನ ಮುಖ ನೀಲಿಗೆ ತಿರುಗುತ್ತಿದ್ದಂತೆ ಹೆಂಡತಿ ನೇಲ್ಯೆ ಕುರ್ಚಿ ತಳ್ಳಿ ಓಡಿಬಂದು ಬೆನ್ನಿಗೆ ಗುದ್ದತೊಡಗಿದಳು. "ಕೆಮ್ಮು! ಕೆಮ್ಮೋ ಮಾರಾಯಾ!" ಮೈಯ ಬಲವನ್ನೆಲ್ಲ ಹಾಕಿ ಕೊಟ್ಟ ಕೊನೆಯ ಗುದ್ದಿಗೆ ಮಾತ್ರೆ ಹಾರಿ ಬಂದು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಬಿತ್ತು. ಬಿಳಿ ಬಣ್ಣ, ಕೋಟಿನ ಗುಂಡಿಯಷ್ಟು ದಪ್ಪ.

"ಮುಗೀತು," ಎಂದ ಕ್ರೈನ್, ಏದುಸಿರು ಬಿಡುತ್ತ. "ಇನ್ಮೇಲೆ ಈ ದರಿದ್ರದ್ದನ್ನ ನನ್ನ ಬಾಯಿ ಹತ್ರ ತರಬೇಡ. ಸಕ್ಕರೆ ಕಾಯಿಲೆ ಕೊಂದ್ರೂ ನಿಧಾನಕ್ಕೆ ಕೊಲ್ಲುತ್ತೆ. ಇದು ತಿಂಡಿ ಮುಗಿಯೋದರೊಳಗೇ ಕೊಲ್ಲುತ್ತೆ."

"ನಿಧಾನಕ್ಕಾ? ಬೂಟು ಬಿಚ್ಚಿ ಹೆಬ್ಬೆರಳು ನೋಡ್ಕೋ."

ಅವನು ಬಿಚ್ಚಲಿಲ್ಲ. ಎಡಗಾಲಿನ ಹೆಬ್ಬೆರಳ ಹುಣ್ಣು ಕಪ್ಪಾಗುತ್ತ ಬಂದಿರುವುದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಹೀಗೆ ಮಾತ್ರೆ ತಪ್ಪಿಸುತ್ತ ಹೋದರೆ ಮೊದಲು ಬೆರಳು, ಆಮೇಲೆ ಪಾದ. ನೇಲ್ಯೆ ಒಮ್ಮೆ ಅದನ್ನು ಕುಟ್ಟಿ ಪುಡಿಮಾಡಿ ಮೊಸರಿಗೆ ಬೆರೆಸಿಯೂ ಕೊಟ್ಟಿದ್ದಳು. ದಿನವಿಡೀ ಸ್ವಲ್ಪಸ್ವಲ್ಪವೇ ಕರಗಬೇಕಾದ ಮಾತ್ರೆಯಂತೆ ಅದು. ಪುಡಿಯಾಗಿ ಒಮ್ಮೆಗೇ ಹೊಟ್ಟೆಗೆ ಬಿದ್ದು ಕ್ರೈನನನ್ನು ಇಡೀ ಭಾನುವಾರ ಪಾಯಿಖಾನೆಯಲ್ಲಿ ಕೂರಿಸಿತ್ತು. ಔಷಧಿ ಅಂಗಡಿಯ ಹುಡುಗಿ ಅದಕ್ಕಾಗಿ ಅವಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಳು.

ಗಂಟಲಿನಲ್ಲಿ ದೋಷವೇನೂ ಇರಲಿಲ್ಲ. ಸ್ಖೇವೆನಿಂಗನ್ ಬಂದರಿನಲ್ಲಿ ಜೀವಮಾನವಿಡೀ ಹೆರಿಂಗ್ ಮೀನಿನ ಗಾಡಿ ಇಟ್ಟಿದ್ದವನು ಅವನು. ಉಪ್ಪಲ್ಲಿಟ್ಟ ಹಸಿ ಮೀನಿನ ಬಾಲ ಹಿಡಿದು, ಈರುಳ್ಳಿಯಲ್ಲಿ ಹೊರಳಿಸಿ, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಬಾಯಿಗೆ ಇಳಿಬಿಡುವುದನ್ನು ಹೊರಗಿನಿಂದ ಬಂದ ಗಿರಾಕಿಗಳಿಗೆಲ್ಲ ಕಲಿಸಿದವನು. ಮಾತ್ರೆಯನ್ನೂ ಅವನು ಹಾಗೆಯೇ ತೆಗೆದುಕೊಳ್ಳುತ್ತಿದ್ದ. ಎಡವಟ್ಟಾಗುತ್ತಿದ್ದುದೇ ಅಲ್ಲಿ.

"ಮೀನು ತಿನ್ನೋ ಹಾಗೆ ತಲೆ ಎತ್ತಬೇಡ ಅಂತ ಎಷ್ಟು ಸಲ ಬಡ್ಕೊಂಡೆ? ಬಾಯಲ್ಲಿ ನೀರು ತುಂಬ್ಕೋ. ಗದ್ದ ಎದೆಗೆ ತಾಗೋ ಹಾಗೆ ತಲೆ ಬಗ್ಗಿಸು. ನುಂಗು. ಅಷ್ಟೇ."

ಕ್ರೈನ್ ಹುಬ್ಬು ಗಂಟಿಕ್ಕಿದ. "ಇದನ್ನ ಪಾದ್ರಿ ಹೇಳ್ಕೊಟ್ರಾ?"

"ಔಷಧಿ ಅಂಗಡಿ ಹುಡುಗಿ."

"ಸುಳ್ಳು. ಈ ಮೇಜಿನ ಮುಂದೆ ನನ್ನ ತಲೆ ಬಗ್ಗಿಸೋಕೆ ನೀನೂ ಪಾದ್ರಿಯೂ ಸೇರಿ ಹೂಡಿದ ಆಟ ಇದು."

ಮಗ ಮಾರ್ಟನ್ ದೋಣಿಯ ಸಮೇತ ಸಮುದ್ರದ ಪಾಲಾದ ಚಳಿಗಾಲದವರೆಗೆ ಈ ಮನೆಯಲ್ಲಿ ಪ್ರತಿ ಊಟಕ್ಕೆ ಮುಂಚೆ ಎಲ್ಲ ತಲೆಗಳೂ ಪ್ರಾರ್ಥನೆಗೆ ಬಾಗುತ್ತಿದ್ದವು. ಆಮೇಲೆ ಬಾಗಿದ್ದು ನೇಲ್ಯೆಯದೊಂದೇ. ಅವಳು ಕಣ್ಣು ತೆರೆಯುವ ತನಕ ಕ್ರೈನ್ ಕತ್ತು ಸೆಟೆಸಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಚಮಚ ಮುಟ್ಟುತ್ತಿರಲಿಲ್ಲ, ತಲೆಯನ್ನೂ ಬಗ್ಗಿಸುತ್ತಿರಲಿಲ್ಲ. ಆ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಇವತ್ತು ಅವನೇ ಎತ್ತಿದ್ದ.

"ದೇವರ ಮೇಲಿನ ಸಿಟ್ಟಿಗೆ ಕಾಲು ಕತ್ತರಿಸ್ಕೋತೀಯಾ?" ಎಂದಳು ನೇಲ್ಯೆ. "ಮಗನನ್ನ ಒಂದೇ ಸಲಕ್ಕೆ ಕಳ್ಕೊಂಡೆ. ನಿನ್ನನ್ನ ತುಂಡುತುಂಡಾಗಿ ಕಳ್ಕೋಬೇಕಾ ನಾನು?"

ಹೊಸದೊಂದು ಮಾತ್ರೆ ಬಿಡಿಸಿ, ನೀರಿನ ಲೋಟದ ಪಕ್ಕ ಇಟ್ಟಳು. "ನಾನು ಪ್ರಾರ್ಥನೆ ಮಾಡಲ್ಲ. ನೋಡು, ಕೈ ಕೂಡ ಜೋಡಿಸಲ್ಲ." ಎರಡೂ ಅಂಗೈಗಳನ್ನು ದೂರದೂರಕ್ಕೆ ಮೇಜಿನ ಮೇಲೆ ಊರಿದಳು.

ಕ್ರೈನ್ ಆ ಕೈಗಳನ್ನೇ ನೋಡುತ್ತ ಕೂತ. ಆಮೇಲೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ತುಂಬಿಕೊಂಡ. ತಲೆ ಅಭ್ಯಾಸಬಲದಿಂದ ಹಿಂದಕ್ಕೇ ಹೋಯಿತು. ಹೋದ ತಲೆ ಅಲ್ಲೇ ನಿಂತಿತು. ಮೆಲ್ಲಗೆ ಮುಂದಕ್ಕೆ ಬಂತು, ಇನ್ನೂ ಮುಂದಕ್ಕೆ ಬಂತು. ಗದ್ದ ಎದೆಗೆ ತಾಗಿತು. ಮೇಜಿನ ಈಚೆಯಿಂದ ನೇಲ್ಯೆ ಅವನ ನೆತ್ತಿಯನ್ನು ಕಂಡು ಎಷ್ಟೋ ವರ್ಷವಾಗಿತ್ತು. ಅಲ್ಲಿ ಈಗ ಒಂದು ಕೂದಲೂ ಉಳಿದಿರಲಿಲ್ಲ. ಅವಳ ಕೈಗಳು ತಮ್ಮಷ್ಟಕ್ಕೆ ತಾವೇ ಒಂದರ ಕಡೆಗೊಂದು ಸರಿಯತೊಡಗಿದವು. ಬಲವಂತದಿಂದ ಅವನ್ನು ಮೇಜಿಗೆ ಅದುಮಿ ಹಿಡಿದಳು.

ಗುಟುಕು ಇಳಿದ ಸದ್ದಾಯಿತು.

"ಹೋಯ್ತಾ?"

"ಹೋಯ್ತು."

ಕಾಫಿ ತಣ್ಣಗಾಯಿತು. ತಲೆ ಮೇಲೆ ಬರಲಿಲ್ಲ. ಕರೆಯಲು ಅವಳಿಗೆ ಧೈರ್ಯವಾಗಲಿಲ್ಲ.

"ಬಗ್ಗಿಸಿದ್ದು ಮಾತ್ರೆಗೆ," ಎಂದ ಕ್ರೈನ್ ಕೊನೆಗೆ, ಹಾಗೇ ಬಗ್ಗಿಕೊಂಡು. "ಆ ಮೇಲಿರೋನಿಗೆ ಹೇಳ್ಬಿಡು."