ಆರನೆಯ ಚಕ್ರ

ಹೊರಗೆ ಸ್ಕೂಟರಿನ ಸದ್ದು ಕೇಳಿದ್ದೇ ತಡ, ಜಯಪಾಲ ಲೇತ್ ನಿಲ್ಲಿಸಿದ. ನೆಲದ ಮೇಲಿದ್ದ ಚಕ್ರವನ್ನು ಬೆಂಚಿನಡಿಗೆ ಉರುಳಿಸಿ ಮೇಲೆ ಗೋಣಿ ಎಳೆದ. ಕೈಯ ಗ್ರೀಸ್ ಒರೆಸಿಕೊಳ್ಳುವಷ್ಟರಲ್ಲಿ ಶ್ಯಾಮಣ್ಣ ಒಳಗೆ ಬಂದೇಬಿಟ್ಟರು.

“ಎಂತ ಮಾರಾಯ, ಸುದ್ದಿ ಉಂಟಾ?”

“ಇಲ್ಲ ಶ್ಯಾಮಣ್ಣ. ಎಲ್ಲಿಯೂ ಸಿಕ್ಕಲಿಲ್ಲ.”

ಶ್ಯಾಮಣ್ಣ ಹೆಲ್ಮೆಟ್ ತೆಗೆದು ಸ್ಟೂಲಿನ ಮೇಲೆ ಕೂತರು. ಬೇಸರಪಟ್ಟಂತೆ ಕಾಣಲಿಲ್ಲ. “ಸಿಕ್ತದೆ. ಅವಸರ ಎಂತ? ಇವತ್ತು ಕುಂಬಳೆ ಕಡೆ ನೋಡುವ.”

ಅವರು ಸರಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಮರದ ಮಿಲ್ಲೊಂದು ಮುಚ್ಚಿದಾಗ ಗುಜರಿಗೆ ಹೊರಟಿದ್ದ ಹಳೆಯ ಗಾಡಿಯೊಂದನ್ನು ಉಳಿಸಿ ತಂದಿದ್ದರು. ಮಹಾಯುದ್ಧದ ಕಾಲದ ಸೈನ್ಯದ ಗಾಡಿ. ಯುದ್ಧ ಮುಗಿದ ಮೇಲೆ ದಿಮ್ಮಿ ಎಳೆಯಲು ಕಾಡಿಗೆ ಬಂದದ್ದು. ಎರಡು ಬದಿಗೂ ಉಕ್ಕಿನ ಸರಪಣಿ, ಸರಪಣಿಯೊಳಗೆ ಮೂರು ಮೂರು ಚಕ್ರ. ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಬಾಡಿಗೆಯ ಶೆಡ್ಡು ಹಿಡಿದು ಅದನ್ನು ನಿಲ್ಲಿಸಿದ್ದರು. ಐದು ಚಕ್ರಗಳಿದ್ದವು, ಆರನೆಯದ್ದು ಇರಲಿಲ್ಲ. ಅದಿಲ್ಲದೆ ಸರಪಣಿ ಕೂರುವುದಿಲ್ಲ, ಗಾಡಿ ಕದಲುವುದಿಲ್ಲ.

ಗಲ್ಫಿನಲ್ಲಿ ಬುಲ್ಡೋಜರುಗಳ ಹೊಟ್ಟೆಯಡಿ ಮಲಗಿಯೇ ಯೌವನ ಕಳೆದ ಜಯಪಾಲ ಉಪ್ಪಳದಲ್ಲಿ ಲೇತ್ ಅಂಗಡಿ ಇಟ್ಟಿದ್ದಾನೆಂದು ಯಾರೋ ಹೇಳಿದ್ದಕ್ಕೆ ಅವನನ್ನು ಹುಡುಕಿಕೊಂಡು ಬಂದಿದ್ದರು. ಜಯಪಾಲ ಒಮ್ಮೆ ಶೆಡ್ಡಿಗೆ ಹೋಗಿ ಚಕ್ರಗಳ ಅಳತೆ ತೆಗೆದುಕೊಂಡು ಬಂದ. ಆಮೇಲೆ ಪ್ರತಿ ಭಾನುವಾರ ಇಬ್ಬರದೂ ಗುಜರಿ ಸುತ್ತಾಟ.

ಇತ್ತೀಚೆಗೆ ಶ್ಯಾಮಣ್ಣನಿಗೆ ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ. ಟೇಪು ಹಿಡಿಯದೆ, ಕಣ್ಣಳತೆಯಲ್ಲೇ “ಅರ್ಧ ಇಂಚು ಕಮ್ಮಿ” ಎಂದು ಮುಂದೆ ನಡೆಯುತ್ತಿದ್ದರು. ಹೊಸತೇ ಒಂದು ಎರಕ ಹೊಯ್ಯಿಸಿ ಕೊಡುತ್ತೇನೆ ಎಂದರೆ, “ಡೂಪ್ಲಿಕೇಟ್ ಬೇಡ” ಎಂದರು. ಇನ್ನೊಮ್ಮೆ ಗಾಡಿ ನೋಡಿ ಬರುವ ಎಂದದ್ದಕ್ಕೆ, “ಅಲ್ಲಿ ಬರೀ ಧೂಳು. ಹಾವೂ ಉಂಟು. ನಾನೇ ಬರ್ತೇನಲ್ಲ” ಎಂದರು.

ಬೆಂಚಿನಡಿಯ ಆ ಚಕ್ರ ಸಿಕ್ಕಿದ್ದು ಮೊಗ್ರಾಲಿನಲ್ಲಿ, ಜಯಪಾಲನ ಮನೆಯಿಂದ ಕೂಗಳತೆಯಲ್ಲಿ. ದೋಣಿಯನ್ನು ಮರಳಿನ ಮೇಲೆ ಎಳೆದು ತರುವ ತಳ್ಳುಗಾಡಿಯೊಂದರ ಅಡಿಯಲ್ಲಿತ್ತು. ಉಪ್ಪು ತಿಂದು ಸೊರಗಿದ್ದರೂ ಅದೇ ಅಳತೆ, ಅದೇ ಕಡ್ಡಿಗಳು. ದೋಣಿಯವರಿಗೆ ಬೇರೆ ಚಕ್ರ ಹಾಕಿಕೊಟ್ಟು ಅದನ್ನು ಬಿಡಿಸಿ ತಂದ. ಹಳೆಯ ರಬ್ಬರು ಸುಟ್ಟು ತೆಗೆದ. ತುಕ್ಕನ್ನು ಪದರ ಪದರವಾಗಿ ಕೆರೆದ. ಕರಗಿಹೋದ ಅಂಚಿಗೆ ವೆಲ್ಡಿಂಗಿನಿಂದ ಮೈ ತುಂಬಿ, ಲೇತಿಗೆ ಕೊಟ್ಟು ದುಂಡಗೆ ಮಾಡಿದ. ಬೇರಿಂಗ್ ಕೂರಿಸಿದ. ಎದುರಿನ ಟಯರ್ ಅಂಗಡಿಯ ಲತೇಶ್ ಹೊಸ ರಬ್ಬರು ಬೇಯಿಸಿ ಹಾಕಿಕೊಟ್ಟ.

“ಇಷ್ಟು ಚಂದ ಮಾಡಿ ಅಡಗಿಸಿಡುವುದೆಂತಕ್ಕೆ?” ಎಂದು ಕೇಳಿದ ಲತೇಶ್. “ಆ ಕೊಚ್ಚಿಯವನಿಗೆ ಕೊಡ್ಲಿಕ್ಕಾ?”

ಇಂಥದೇ ಚಕ್ರ ಬೇಕೆಂದು ಹಳೆಯ ಗಾಡಿಗಳ ಕೊಚ್ಚಿಯ ಸಂಗ್ರಹಕಾರನೊಬ್ಬ ಫೋನು ಮಾಡಿದ್ದು ಹೌದು. ಆದರೆ ಜಯಪಾಲ ಚಕ್ರ ಅಡಗಿಸಿದ್ದು ಅದಕ್ಕಲ್ಲ. ಶ್ಯಾಮಣ್ಣ ಬರುವ ಮೊದಲು ತನ್ನ ಭಾನುವಾರಗಳು ಹೇಗಿದ್ದವು ಎಂದು ಯಾರ ಹತ್ತಿರ ಹೇಳುವುದು? ಮದುವೆಯಾದ ಮೇಲೆ ಎಂದುಕೊಂಡು ಕಟ್ಟಿಸಿದ ದೊಡ್ಡ ಮನೆ. ಮದುವೆ ಕೂಡಿಬರಲೇ ಇಲ್ಲ. ಹೆದ್ದಾರಿಯ ಬಸ್ಸಿನ ಹಾರ್ನ್ ಬಿಟ್ಟರೆ ಆ ಮನೆಯೊಳಗೆ ಬೇರೆ ಸ್ವರವಿಲ್ಲ. ಎಷ್ಟೋ ಭಾನುವಾರ ಅವನು ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆದದ್ದುಂಟು. ಈಗ ಸ್ಕೂಟರಿನ ಹಿಂದೆ ಕೂತು ಊರೂರು ತಿರುಗುವುದು, ಗೋಳಿಬಜೆ, ಚಹಾ, ಶ್ಯಾಮಣ್ಣನ ಬಸ್ಸಿನ ಕತೆಗಳು. ಚಕ್ರ ಸಿಕ್ಕಿತು ಎಂದ ದಿನ ಅದೆಲ್ಲ ಮುಗಿಯಿತು.

ಆ ಭಾನುವಾರ ಕುಂಬಳೆಯ ಹೋಟೆಲಿನಲ್ಲಿ ಶ್ಯಾಮಣ್ಣ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.

“ಕಣ್ಣು ಮಂಜಾಗ್ತಾ ಉಂಟು ಜಯಪಾಲ. ನಾಳೆ ಆಸ್ಪತ್ರೆಗೆ ಹೋಗ್ಬೇಕು. ಹೀಗೇ ಆದ್ರೆ ಇನ್ನು ಓಡಿಸ್ಲಿಕ್ಕೆ ಆಗ್ಲಿಕ್ಕಿಲ್ಲ.”

ಜಯಪಾಲ ಚಹಾದ ಲೋಟ ಕೆಳಗಿಟ್ಟ. ಮುದುಕರ ಒಂದೇ ಒಂದು ಆಸೆಯನ್ನು ತಾನು ಗೋಣಿಯಡಿಯಲ್ಲಿ ಮುಚ್ಚಿಟ್ಟಿದ್ದೇನೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಲತೇಶನ ಪಿಕಪ್ ಕೇಳಿ ತಂದು, ಚಕ್ರ ಏರಿಸಿಕೊಂಡು ಅನಂತಪುರಕ್ಕೆ ಹೊರಟ. ಆಸ್ಪತ್ರೆಯಿಂದ ಬಂದ ಶ್ಯಾಮಣ್ಣ ಬಾಗಿಲಲ್ಲೇ ಅದನ್ನು ನೋಡಲಿ. ಬಯ್ಯುವುದಿದ್ದರೆ ಬಯ್ಯಲಿ. ಒಮ್ಮೆ ಗಾಡಿ ಓಡಿಸಲಿ. ಆಮೇಲಿನ ಭಾನುವಾರಗಳ ಬಗ್ಗೆ ಯೋಚಿಸಬಾರದೆಂದು ದಾರಿಯುದ್ದಕ್ಕೂ ಯೋಚಿಸಿದ.

ಶೆಡ್ಡಿನ ಶಟರು ಮುಚ್ಚಿತ್ತು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಘಟಕ. ಅದನ್ನು ನಡೆಸುವ ದೀಪಶ್ರೀ ಹೊರಗೆ ಬಂದು, ಅವನು ಕೆಳಗಿಳಿಸುತ್ತಿದ್ದ ಚಕ್ರವನ್ನು ವಿಚಿತ್ರವಾಗಿ ನೋಡಿದಳು.

“ಶ್ಯಾಮಣ್ಣನಿಗಾ? ಅವರಿಗೆಂತಕ್ಕೆ ಚಕ್ರ?”

“ಗಾಡಿಗೆ. ಒಂದು ಕಮ್ಮಿ ಉಂಟಲ್ಲ.”

“ಕಮ್ಮಿಯಾ?” ಅವಳು ನಕ್ಕಳು. “ಕೀ ನನ್ನತ್ರವೇ ಉಂಟು. ನೋಡಿ ಬೇಕಾದ್ರೆ.”

ಶಟರು ಮೇಲೆ ಹೋಯಿತು. ಬೆಳಕು ಒಳಗೆ ಬಿತ್ತು. ಗಾಡಿ ಆರೂ ಚಕ್ರಗಳ ಮೇಲೆ, ಬಿಗಿಯಾದ ಸರಪಣಿ ತೊಟ್ಟು ನಿಂತಿತ್ತು. ಹೊಸ ಬಣ್ಣದ ಮೇಲೆ ತಿಂಗಳುಗಟ್ಟಲೆಯ ಧೂಳು.

“ಆರನೆಯದ್ದು ಕೊಯಮತ್ತೂರಿಂದ ಬಂತು. ಕಳೆದ ಓಣಂಗೇ ನಮ್ಮನ್ನೆಲ್ಲ ಕೂರಿಸಿ ಎಸ್ಟೇಟಿಗೆ ಒಂದು ಸುತ್ತು ಹಾಕಿದ್ದಾರೆ,” ಎಂದಳು ದೀಪಶ್ರೀ. “ಉಪ್ಪಳದಲ್ಲಿ ಜಯಪಾಲ ಅಂತ ಒಬ್ರು ಇದ್ದಾರಂತೆ. ಅವರಿಗೆ ಮಾತ್ರ ಹೇಳ್ಬಾರದು ಅಂತ ನಮಗೆಲ್ಲ ಆಣೆ ಹಾಕಿಸಿದ್ದಾರೆ. ಗೊತ್ತಾದ್ರೆ ಮತ್ತೆ ಭಾನುವಾರ ಅಲ್ಲಿಗೆ ಹೋಗ್ಲಿಕ್ಕೆ ನೆಪ ಇಲ್ಲವಂತೆ, ಪಾಪ. ಅವರು ಬಂದ್ರೆ ಹೇಳ್ತೇನೆ. ನಿಮ್ಮ ಹೆಸರೆಂತ?”

“ಲತೇಶ್,” ಎಂದ ಜಯಪಾಲ, ಚಕ್ರವನ್ನು ಮತ್ತೆ ಪಿಕಪ್ಪಿಗೆ ಏರಿಸುತ್ತ.